ದೂರದ ಸೂಪರ್‌ನೋವಾ ಮಂಕಾಗಿ ಕಂಡದ್ದೇಕೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ದೂರದ ಸೂಪರ್‌ನೋವಾಗಳು (ಸಿಡಿಯುವ ನಕ್ಷತ್ರಗಳು) ಎಣಿಸಿದ್ದಕ್ಕಿಂತ ಮಂಕಾಗಿ ಕಂಡವು, ಅದರಿಂದ ವಿಶ್ವದ ಹಿಗ್ಗುವಿಕೆ ವೇಗ ಪಡೆದುಕೊಳ್ಳುತ್ತಿದೆ ಎಂದು ತಿಳಿಯಿತು ಎಂಬುದನ್ನು ತರಗತಿಯಲ್ಲಿ ಹೇಳಿದೆ. ಮಕ್ಕಳು ಮೂರು ಪ್ರಶ್ನೆ ಕೇಳಿದರು. ದೂರದಲ್ಲಿರುವುದು ಮಂಕಾಗಿ ಕಾಣುವುದು ಸಹಜವೇ ತಾನೇ? ನಡುವೆ ಧೂಳಿದ್ದರೂ ಬೆಳಕು ಮಂಕಾಗಬಹುದಲ್ಲವೇ? ದೂರದ ಗ್ಯಾಲಕ್ಸಿಗಳು ಹೆಚ್ಚು ವೇಗವಾಗಿ ಸರಿಯುತ್ತಿವೆ ಎಂಬುದು 1929ರಲ್ಲೇ ಗೊತ್ತಿದ್ದರೆ 1998ರಲ್ಲಿ ಹೊಸದಾಗಿ ಸಿಕ್ಕಿದ್ದೇನು? ನನಗೆ ಉತ್ತರಿಸಲಾಗಲಿಲ್ಲ.

ಉತ್ತರ: ನಿಮ್ಮ ವಿದ್ಯಾರ್ಥಿಗಳ ಸಂದೇಹಗಳು ಬಹಳ ಒಳ್ಳೆಯ ಸಂದೇಹಗಳು. ಧೂಳಿನ ಪ್ರಶ್ನೆಯನ್ನಂತೂ ಖಗೋಳವಿಜ್ಞಾನಿಗಳೂ ಕೇಳಿಕೊಂಡರು. ಮನಸ್ಸಿಗೆ ಒಪ್ಪುವ ಉತ್ತರ ಸಿಗಲು ಅವರಿಗೇ ಐದಾರು ವರ್ಷ ಹಿಡಿಯಿತು. ಹಾಗಾಗಿ ನನ್ನ ಉತ್ತರ ದೀರ್ಘವಾದರೆ ಬೇಸರಿಸಬೇಡಿ. ಮೂರನೆಯ ಪ್ರಶ್ನೆಯಿಂದ ಶುರುಮಾಡುತ್ತೇನೆ. ಆ ಗಂಟು ಬಿಚ್ಚಿದರೆ ಉಳಿದೆರಡು ತಾವಾಗಿ ಸಡಿಲಗೊಳ್ಳುತ್ತವೆ.

ದರ್ಜಿ ಅಂಗಡಿಯಿಂದ ಒಂದು ಮೊಳ ಎಲಾಸ್ಟಿಕ್ ಪಟ್ಟಿ ತರಿಸಿ. ಅದರ ಮೇಲೆ ಅಂಗುಲಕ್ಕೊಂದರಂತೆ ಶಾಯಿಯ ಚುಕ್ಕಿ ಇಡಿ. ಒಂದು ತುದಿಯನ್ನು ಮೇಜಿಗೆ ಒತ್ತಿ ಹಿಡಿದು, ಪಟ್ಟಿ ಎರಡರಷ್ಟು ಉದ್ದವಾಗುವಂತೆ ಒಂದು ಸೆಕೆಂಡಿನಲ್ಲಿ ಎಳೆಯಿರಿ. ಹಿಡಿದ ತುದಿಯಿಂದ ಒಂದು ಅಂಗುಲ ದೂರವಿದ್ದ ಚುಕ್ಕಿ ಎರಡನೆಯ ಅಂಗುಲಕ್ಕೆ ಬರುತ್ತದೆ; ಅದು ಸರಿದದ್ದು ಒಂದು ಅಂಗುಲ. ಐದು ಅಂಗುಲ ದೂರವಿದ್ದದ್ದು ಹತ್ತಕ್ಕೆ ಹೋಗುತ್ತದೆ. ಅದು ಸರಿದದ್ದು ಐದು ಅಂಗುಲ. ದೂರದ ಚುಕ್ಕಿ ಐದು ಪಟ್ಟು ವೇಗದಲ್ಲಿ ಸರಿಯಿತು, ಆದರೆ ನಿಮ್ಮ ಕೈ ಒಂದೇ ಸಮನೆ ಎಳೆಯಿತು. ಎಡ್ವಿನ್ ಹಬಲ್ 1929ರಲ್ಲಿ ತೋರಿಸಿದ್ದು ಇದನ್ನೇ. ಅವರಿಗಿಂತ ಎರಡು ವರ್ಷ ಮೊದಲು ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೇತ್ರ್ ಸಮೀಕರಣಗಳಿಂದ ಇದೇ ನಿಲುವಿಗೆ ಬಂದಿದ್ದರು. ದೂರದ್ದು ವೇಗವಾಗಿ ಸರಿಯುತ್ತದೆ ಎಂಬುದು ಹಿಗ್ಗುವಿಕೆಯ ಲಕ್ಷಣವಷ್ಟೇ. ಎಳೆಯುವ ಕೈ ಹಿಂದೆ ಎಷ್ಟು ಬಿರುಸಾಗಿತ್ತು, ಈಗ ಎಷ್ಟು ಬಿರುಸಾಗಿದೆ ಎಂಬುದು ಬೇರೆಯದೇ ಪ್ರಶ್ನೆ. 1998ರ ಉತ್ತರ ಆ ಪ್ರಶ್ನೆಗೆ ಸಂಬಂಧಿಸಿದ್ದು.

ಆ ಉತ್ತರ ಏನಿರಬೇಕು ಎಂಬ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಮೇಲಕ್ಕೆಸೆದ ಕಲ್ಲನ್ನು ಭೂಮಿಯ ಗುರುತ್ವ ನಿಧಾನಗೊಳಿಸುವ ಹಾಗೆ, ಗ್ಯಾಲಕ್ಸಿಗಳ ಪರಸ್ಪರ ಸೆಳೆತ ಹಿಗ್ಗುವಿಕೆಗೆ ಕಡಿವಾಣ ಹಾಕುತ್ತಿರಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ಓದಿದ ಪಠ್ಯಪುಸ್ತಕದಲ್ಲಿ ಈ ರಾಶಿಯ ಹೆಸರೇ ‘ವೇಗಾಪಕರ್ಷ ನಿಯತಾಂಕ’ ಎಂದಿತ್ತು. ವೇಗ ಕಡಿಮೆಯಾಗುತ್ತಿದೆ ಎಂಬ ತೀರ್ಪು ಹೆಸರಿನೊಳಗೇ ಕುಳಿತಿತ್ತು. ಅಳೆಯಬೇಕಾದದ್ದು ಎಷ್ಟು ಕಡಿಮೆಯಾಗುತ್ತಿದೆ ಎಂಬುದನ್ನು ಮಾತ್ರ ಎಂದುಕೊಂಡಿದ್ದೆವು.

ಅಳೆಯುವುದು ಹೇಗೆ? ಹಲವು ಮನೆಗಳಲ್ಲಿ ಮಗುವನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಅದರ ತಲೆಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. ಗೆರೆಯ ಪಕ್ಕದಲ್ಲಿ ತಾರೀಕು ಬರೆದಿದ್ದರೆ ಮಗು ಯಾವ ವರ್ಷ ಎಷ್ಟು ಬೇಗ ಬೆಳೆಯಿತು ಎಂದು ಹೇಳಬಹುದು. ಬರೀ ಗೆರೆಯಿದ್ದು ತಾರೀಕು ಇಲ್ಲದಿದ್ದರೆ ಏನೂ ಹೇಳಲಾಗದು. ವಿಶ್ವದ ವಿಷಯದಲ್ಲಿ ಗೆರೆ ಸುಲಭವಾಗಿ ಸಿಗುತ್ತದೆ. ದೂರದಿಂದ ಹೊರಟ ಬೆಳಕಿನ ಅಲೆ, ದಾರಿಯುದ್ದಕ್ಕೂ ಅವಕಾಶ (ಸ್ಪೇಸ್) ಹಿಗ್ಗಿದಷ್ಟೂ ತಾನೂ ಹಿಗ್ಗಿ, ಕೆಂಪಿನ ಕಡೆಗೆ ಸರಿದು ನಮ್ಮನ್ನು ಮುಟ್ಟುತ್ತದೆ. ಇದೇ ಕೆಂಪು ಪಲ್ಲಟ. ಅದರ ಮೌಲ್ಯ 0.5 ಎಂದರೆ ಬೆಳಕು ಹೊರಟ ಕಾಲದಿಂದ ಇಂದಿನವರೆಗೆ ವಿಶ್ವ ಒಂದೂವರೆ ಪಟ್ಟು ಹಿಗ್ಗಿದೆ ಎಂದರ್ಥ. ಇದನ್ನು ರೋಹಿತದಿಂದ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಿಂದ, ನೇರವಾಗಿ ಓದಿಕೊಳ್ಳಬಹುದು, ಊಹೆ ಬೇಕಿಲ್ಲ. ಕಷ್ಟವಿರುವುದು ತಾರೀಕಿನಲ್ಲಿ. ಆ ಬೆಳಕು ಎಷ್ಟು ಕೋಟಿ ವರ್ಷ ಹಿಂದೆ ಹೊರಟಿತು? ಅದು ತಿಳಿಯಲು ದೂರ ಬೇಕು. ದೂರ ತಿಳಿಯಲು, ನಿಜವಾದ ಪ್ರಕಾಶ ಎಷ್ಟೆಂದು ಮೊದಲೇ ಗೊತ್ತಿರುವ ಒಂದು ದೀಪ ಬೇಕು. ಆಗ ಕಣ್ಣಿಗೆ ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರವನ್ನು ಲೆಕ್ಕ ಹಾಕಬಹುದು: ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ದೂರದ್ದು ಮಂಕಾಗಿ ಕಾಣುವುದು ಸಹಜವೇ. 1998ರಲ್ಲಿ ಅಚ್ಚರಿ ತಂದದ್ದು, ಅದರ ಕೆಂಪು ಪಲ್ಲಟಕ್ಕೆ ತಕ್ಕಷ್ಟು ಇರಬೇಕಾದ ಮಂಕುತನಕ್ಕಿಂತ ಅದು ಇನ್ನೂ ಮಂಕಾಗಿತ್ತು ಎಂಬ ಸಂಗತಿ. ಗೆರೆ ಒಂದನ್ನು ಹೇಳಿತು, ತಾರೀಕು ಇನ್ನೊಂದನ್ನು ಹೇಳಿತು. ಆ ಎರಡರ ನಡುವಿನ ಅಂತರದಲ್ಲಿ ವಿಶ್ವದ ಚರಿತ್ರೆ ಅಡಗಿದೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಕೆಂಪು ಪಲ್ಲಟ 0.5 ಇರುವ ಒಂದು ಸೂಪರ್‌ನೋವಾ ತೆಗೆದುಕೊಳ್ಳಿ. ವಿಶ್ವದಲ್ಲಿ ದ್ರವ್ಯ ಮಾತ್ರ ತುಂಬಿದ್ದು, ಅದರ ಸೆಳೆತದಿಂದ ಹಿಗ್ಗುವಿಕೆ ನಿಧಾನವಾಗುತ್ತಾ ಬಂದಿದ್ದರೆ, ಹಿಂದೆ ಅದು ಈಗಿಗಿಂತ ಬಿರುಸಾಗಿರಬೇಕು. ಬಿರುಸಾಗಿದ್ದರೆ ಒಂದೂವರೆ ಪಟ್ಟು ಹಿಗ್ಗಲು ಕಡಿಮೆ ಕಾಲ ಸಾಕು. ಸುಮಾರು 420 ಕೋಟಿ ವರ್ಷ. ಹಾಗಲ್ಲದೆ ಹಿಗ್ಗುವಿಕೆ ಇತ್ತೀಚೆಗೆ ವೇಗ ಪಡೆದುಕೊಂಡಿದ್ದರೆ, ಹಿಂದೆ ಅದು ಅಷ್ಟೇನೂ ಬಿರುಸಾಗಿರಲಿಲ್ಲ. ಅಷ್ಟೇ ಹಿಗ್ಗಲು ಸುಮಾರು 500 ಕೋಟಿ ವರ್ಷ ಬೇಕು. ಹೆಚ್ಚು ಕಾಲ ನಡೆದು ಬಂದ ಬೆಳಕು ಹೆಚ್ಚು ದೂರದಿಂದ ಬಂದಿರುತ್ತದೆ, ಹೆಚ್ಚು ಹರಡಿಕೊಂಡಿರುತ್ತದೆ. ಮೊದಲನೆಯ ವಿಶ್ವದಲ್ಲಿ ನಮಗೆ 100 ಪಾಲು ಬೆಳಕು ತಲುಪುವುದಾದರೆ ಎರಡನೆಯದರಲ್ಲಿ ಸುಮಾರು 70 ಪಾಲು ಮಾತ್ರ ತಲುಪುತ್ತದೆ. ಈ 30 ಪಾಲನ್ನು ನಂಬಿಕೆಯಿಂದ ಅಳೆಯಬಲ್ಲೆವೇ ಎಂಬುದೇ ಇಡೀ ಕೆಲಸದ ತಿರುಳು. ಅಳೆಯಬೇಕಾದರೆ ದೀಪ ನಂಬುವಂಥದ್ದಾಗಿರಬೇಕು.

ಆ ದೀಪದ ಹೆಸರು 1ಎ ಬಗೆಯ ಸೂಪರ್‌ನೋವಾ. ಸೂರ್ಯನಂಥ ನಕ್ಷತ್ರ ತನ್ನ ಉರುವಲು ತೀರಿಸಿಕೊಂಡ ಮೇಲೆ ಶ್ವೇತಕುಬ್ಜವಾಗಿ ಉಳಿಯುತ್ತದೆ: ಭೂಮಿಯಷ್ಟು ಗಾತ್ರ, ಸೂರ್ಯನಿಗೆ ಹತ್ತಿರದ ದ್ರವ್ಯರಾಶಿ. 1930ರಲ್ಲಿ ಹತ್ತೊಂಬತ್ತು ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇಂಗ್ಲೆಂಡಿಗೆ ಓದಲು ಹೊರಟ ಹಡಗಿನ ಪ್ರಯಾಣದಲ್ಲಿ ಲೆಕ್ಕ ಹಾಕುತ್ತಾ, ಶ್ವೇತಕುಬ್ಜದ ತೂಕಕ್ಕೆ ಒಂದು ಮಿತಿ ಇದೆ ಎಂದು ಕಂಡುಕೊಂಡರು. ಇಂದು ನಾವು ಬಳಸುವ ಅಂಕಿ ಸೂರ್ಯನ ಸುಮಾರು 1.4 ಪಟ್ಟು. ಜೊತೆಗಿರುವ ಇನ್ನೊಂದು ನಕ್ಷತ್ರದಿಂದ ದ್ರವ್ಯ ಸುರಿದು ಅಥವಾ ಎರಡು ಶ್ವೇತಕುಬ್ಜಗಳೇ ಒಂದಕ್ಕೊಂದು ಬಡಿದು, ಒಳಗಿನ ಇಂಗಾಲ ಮತ್ತು ಆಮ್ಲಜನಕಕ್ಕೆ ಒಮ್ಮೆಲೇ ಬೆಂಕಿ ಹತ್ತಿಕೊಂಡರೆ, ಇಡೀ ನಕ್ಷತ್ರ ಕೆಲವೇ ಸೆಕೆಂಡುಗಳಲ್ಲಿ ಸಿಡಿದು ಚೂರಾಗುತ್ತದೆ. ಈ ಎರಡು ದಾರಿಗಳಲ್ಲಿ ಪ್ರಕೃತಿ ಯಾವುದನ್ನು ಹೆಚ್ಚಾಗಿ ಹಿಡಿಯುತ್ತದೆ ಎಂಬ ವಾದ ಇಂದಿಗೂ ಮುಗಿದಿಲ್ಲ.

ಆದರೆ ಸಿಡಿದ ಮೇಲೆ ನಡೆಯುವುದೇನೆಂದು ಚೆನ್ನಾಗಿ ಗೊತ್ತಿದೆ. ಸ್ಫೋಟದಲ್ಲಿ ವಿಕಿರಣಶೀಲ ನಿಕಲ್-56 ರಾಶಿಯಾಗಿ ಹುಟ್ಟುತ್ತದೆ, ಸಾಮಾನ್ಯವಾಗಿ ಸೂರ್ಯನ ಅರ್ಧಕ್ಕಿಂತ ತುಸು ಹೆಚ್ಚು ತೂಕದಷ್ಟು. ಅದು ಆರು ದಿನಗಳ ಅರ್ಧಾಯುವಿನಲ್ಲಿ ಕೋಬಾಲ್ಟ್-56 ಆಗುತ್ತದೆ, ಕೋಬಾಲ್ಟ್ 77 ದಿನಗಳ ಅರ್ಧಾಯುವಿನಲ್ಲಿ ಕಬ್ಬಿಣವಾಗುತ್ತದೆ. ನಾವು ಕಾಣುವ ಬೆಳಕೆಲ್ಲ ಈ ಕ್ಷಯದ ಶಾಖದಿಂದ ಬಂದದ್ದು. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ82 ಗ್ಯಾಲಕ್ಸಿಯಲ್ಲಿ 2014ರಲ್ಲಿ ಕಂಡ ಸೂಪರ್‌ನೋವಾ 2014ಜೆಯಿಂದ ಕೋಬಾಲ್ಟ್‌ನ ಗಾಮಾ ಕಿರಣಗಳನ್ನೇ ಇಂಟೆಗ್ರಲ್ ಉಪಗ್ರಹ ಹಿಡಿಯಿತು. ಹಾಗಾಗಿ ಇದು ಬರೀ ಸಿದ್ಧಾಂತದ ಮಾತಲ್ಲ. ಸಿಡಿದ ಸುಮಾರು ಮೂರು ವಾರಕ್ಕೆ ಬೆಳಕು ತುತ್ತತುದಿ ಮುಟ್ಟುತ್ತದೆ. ಆಗ ಒಂದು ಸೂಪರ್‌ನೋವಾ ನಾನೂರು ಐನೂರು ಕೋಟಿ ಸೂರ್ಯರಷ್ಟು ಬೆಳಗುತ್ತದೆ. ರೋಹಿತದಲ್ಲಿ ಜಲಜನಕದ ಗೆರೆ ಇರುವುದಿಲ್ಲ, ಸಿಲಿಕಾನ್‌ನ ಗೆರೆ ಎದ್ದು ಕಾಣುತ್ತದೆ. ಇದನ್ನು ನೋಡಿಯೇ 1ಎ ಬಗೆಯನ್ನು ಗುರುತಿಸುತ್ತೇವೆ.

ಜನಪ್ರಿಯ ಬರಹಗಳು ಇಲ್ಲೊಂದು ತಪ್ಪು ಮಾಡುತ್ತವೆ, ನೀವು ಮಾಡಬೇಡಿ. ‘ಎಲ್ಲ 1ಎ ಸೂಪರ್‌ನೋವಾಗಳೂ ಒಂದೇ ತೂಕದಲ್ಲಿ ಸಿಡಿಯುತ್ತವೆ, ಆದ್ದರಿಂದ ಒಂದೇ ಪ್ರಕಾಶ’ ಎಂದು ಬರೆದುಬಿಡುತ್ತಾರೆ. ಅವು ಒಂದೇ ಪ್ರಕಾಶದವಲ್ಲ. ಹೆಚ್ಚು ನಿಕಲ್ ಹುಟ್ಟಿದಲ್ಲಿ ಹೆಚ್ಚು ಬೆಳಕು. ಒಂದಕ್ಕೂ ಇನ್ನೊಂದಕ್ಕೂ ಎರಡು ಮೂರು ಪಟ್ಟು ವ್ಯತ್ಯಾಸ ಇರುವುದುಂಟು. ಇಂಥ ದೀಪದಿಂದ 30 ಪಾಲಿನ ಅಂತರ ಅಳೆಯಲಾಗದು. ಕೆಲಸ ಕೈಗೂಡಿದ್ದು 1993ರಲ್ಲಿ ಮಾರ್ಕ್ ಫಿಲಿಪ್ಸ್ ತೋರಿಸಿದ ಒಂದು ಸಂಬಂಧದಿಂದ: ಹೆಚ್ಚು ಪ್ರಕಾಶದ ಸೂಪರ್‌ನೋವಾ ನಿಧಾನವಾಗಿ ಮಂಕಾಗುತ್ತದೆ, ಕಡಿಮೆ ಪ್ರಕಾಶದ್ದು ಬೇಗ ಮಂಕಾಗುತ್ತದೆ. ತುದಿ ಮುಟ್ಟಿದ ಮೇಲಿನ 15 ದಿನಗಳಲ್ಲಿ ಎಷ್ಟು ಇಳಿಯಿತು ಎಂದು ಅಳೆದರೆ ಅದರ ನಿಜವಾದ ಪ್ರಕಾಶ ಗೊತ್ತಾಗುತ್ತದೆ. ಅದೇ ಹೊತ್ತಿಗೆ ಚಿಲಿ ದೇಶದಲ್ಲಿ ಮಾರಿಯೋ ಹಮೂಯ್, ಹೋಸೆ ಮಾಸಾ, ನಿಕ್ ಸಂಟ್ಜೆಫ್ ಮತ್ತು ಫಿಲಿಪ್ಸ್ ಸೇರಿ ನಡೆಸಿದ ಕಲಾನ್-ಟೊಲೊಲೊ ಸಮೀಕ್ಷೆ 29 ಸಮೀಪದ 1ಎ ಸೂಪರ್‌ನೋವಾಗಳನ್ನು ಅಚ್ಚುಕಟ್ಟಾಗಿ ಅಳೆದು ಈ ಸಂಬಂಧವನ್ನು ಗಟ್ಟಿಗೊಳಿಸಿತು. ತಿದ್ದುಪಡಿಯ ನಂತರ ಉಳಿಯುವ ಚದುರು (ಒಂದಕ್ಕೂ ಇನ್ನೊಂದಕ್ಕೂ ಇರುವ ಹೆಚ್ಚುಕಡಿಮೆ) ಶೇಕಡಾ 15ರಷ್ಟು ಬೆಳಕು, ಅಂದರೆ ದೂರದಲ್ಲಿ ಶೇಕಡಾ 7ರ ಸುಮಾರು. ನೊಬೆಲ್ ಪ್ರಶಸ್ತಿ ಈ ಗುಂಪಿನ ಪಾಲಿಗೆ ಬರಲಿಲ್ಲ. ಆದರೆ ಅವರ 29 ಸೂಪರ್‌ನೋವಾಗಳಿಲ್ಲದೆ 1998ರ ಲೆಕ್ಕಕ್ಕೆ ನೆಲವೇ ಇರುತ್ತಿರಲಿಲ್ಲ ಎಂಬುದನ್ನು ನಾನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ.

ದೀಪ ಸಿಕ್ಕರೂ ಅದು ಎಲ್ಲಿ, ಯಾವಾಗ ಹೊತ್ತಿಕೊಳ್ಳುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಒಂದು ಗ್ಯಾಲಕ್ಸಿಯಲ್ಲಿ ಸಾವಿರ ವರ್ಷಕ್ಕೆ ಬೆರಳೆಣಿಕೆಯಷ್ಟು 1ಎ ಸ್ಫೋಟಗಳಾಗುತ್ತವೆ. 1980ರ ದಶಕದಲ್ಲಿ ಡೆನ್ಮಾರ್ಕಿನ ಖಗೋಳವಿಜ್ಞಾನಿಗಳ ತಂಡ ಚಿಲಿಯ ಲಾ ಸಿಯಾದಲ್ಲಿ 1.5 ಮೀಟರ್ ದೂರದರ್ಶಕದಿಂದ ಎರಡು ವರ್ಷ ಹುಡುಕಿ ಪಡೆದದ್ದು ದೂರದ ಒಂದೇ ಒಂದು 1ಎ. 1988ರಲ್ಲಿ ಸಿಕ್ಕ ಅದಕ್ಕೆ ಕೆಂಪು ಪಲ್ಲಟ 0.31. ಅದೂ ತುತ್ತತುದಿ ದಾಟಿ ಇಳಿಯತೊಡಗಿದ ಮೇಲೆ ಕಣ್ಣಿಗೆ ಬಿತ್ತು. ದೊಡ್ಡ ದೂರದರ್ಶಕದ ಸಮಯವನ್ನು ಆರು ತಿಂಗಳ ಮೊದಲೇ ಕೇಳಿಕೊಳ್ಳಬೇಕು. ‘ಬರುವ ಮಾರ್ಚ್ ಮೂರರಂದು ಎಲ್ಲೋ ಒಂದು ನಕ್ಷತ್ರ ಸಿಡಿಯಬಹುದು, ಆ ರಾತ್ರಿ ನಮಗೆ ಕೊಡಿ’ ಎಂದರೆ ಯಾವ ಸಮಿತಿ ಒಪ್ಪೀತು?

ಇದಕ್ಕೆ ಬರ್ಕ್ಲಿಯ ಸಾಲ್ ಪರ್ಲ್‌ಮಟರ್ ಮತ್ತು ಅವರ ತಂಡ ಕಂಡುಕೊಂಡ ಉಪಾಯ ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ. ಅಮಾವಾಸ್ಯೆ ಮುಗಿಯುತ್ತಿದ್ದಂತೆ, ಆಕಾಶ ಇನ್ನೂ ಕಪ್ಪಾಗಿರುವಾಗ, ಸಾವಿರಾರು ಗ್ಯಾಲಕ್ಸಿಗಳಿರುವ ಆಕಾಶದ ತುಂಡುಗಳ ಚಿತ್ರ ತೆಗೆಯಿರಿ. ಸುಮಾರು ಮೂರು ವಾರ ಬಿಟ್ಟು, ಮುಂದಿನ ಅಮಾವಾಸ್ಯೆಗೆ ಸ್ವಲ್ಪ ಮೊದಲು, ಅದೇ ತುಂಡುಗಳ ಚಿತ್ರ ಮತ್ತೆ ತೆಗೆಯಿರಿ. ಎರಡನೆಯದರಿಂದ ಮೊದಲನೆಯದನ್ನು ಕಂಪ್ಯೂಟರಿನಲ್ಲಿ ಕಳೆಯಿರಿ. ಹಳೆಯದೆಲ್ಲ ಅಳಿಸಿಹೋಗಿ, ಹೊಸದಾಗಿ ಹೊತ್ತಿಕೊಂಡದ್ದು ಮಾತ್ರ ಉಳಿಯುತ್ತದೆ. ಒಂದು ಸೂಪರ್‌ನೋವಾ ತುದಿಗೇರಲು ಹೆಚ್ಚುಕಡಿಮೆ ಅಷ್ಟೇ ದಿನ ಬೇಕಾದ್ದರಿಂದ, ಸಿಕ್ಕವೆಲ್ಲ ಏರುಗಾಲದಲ್ಲೋ ತುದಿಯಲ್ಲೋ ಇರುತ್ತವೆ. ಗ್ಯಾಲಕ್ಸಿಗಳ ಸಂಖ್ಯೆ ಸಾಕಷ್ಟು ದೊಡ್ಡದಿದ್ದರೆ ಪ್ರತಿ ಸಲವೂ ಹಲವು ಸಿಗುವುದು ಖಚಿತ. ಸಿಕ್ಕ ಮರುರಾತ್ರಿಗಳಿಗೇ ಹವಾಯಿಯ 10 ಮೀಟರ್ ಕೆಕ್ ದೂರದರ್ಶಕವನ್ನು ಮೊದಲೇ ಕಾಯ್ದಿರಿಸಬಹುದು. ಯಾದೃಚ್ಛಿಕ ಘಟನೆಯನ್ನು ಹೀಗೆ ಪಂಚಾಂಗಕ್ಕೆ ಕಟ್ಟಿಹಾಕಿದರು. 1994ರಲ್ಲಿ ಬ್ರಯಾನ್ ಶ್ಮಿಟ್ ಮತ್ತು ಸಂಟ್ಜೆಫ್ ಕಟ್ಟಿದ ಎರಡನೆಯ ತಂಡವೂ ಚಿಲಿಯ ಸೆರ‍್ರೊ ಟೊಲೊಲೊದ 4 ಮೀಟರ್ ದೂರದರ್ಶಕದಲ್ಲಿ ಇದೇ ಬೇಟೆಗೆ ಇಳಿಯಿತು. ಎರಡು ತಂಡಗಳ ನಡುವೆ ಬಿರುಸಿನ ಪೈಪೋಟಿ ಇತ್ತು, ಅದು ಒಳ್ಳೆಯದೇ ಆಯಿತು.

ಪರ್ಲ್‌ಮಟರ್ ತಂಡ 1997ರಲ್ಲಿ ಮೊದಲ ಏಳು ಸೂಪರ್‌ನೋವಾಗಳ ಲೆಕ್ಕ ಪ್ರಕಟಿಸಿತು. ಅದು ಎಲ್ಲರೂ ನಿರೀಕ್ಷಿಸಿದಂತೆ ದ್ರವ್ಯ ತುಂಬಿದ, ನಿಧಾನಗೊಳ್ಳುತ್ತಿರುವ ವಿಶ್ವದ ಕಡೆಗೇ ವಾಲಿತ್ತು. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಏಳು ಬಿಂದುಗಳಿಂದ ಬಂದ ತೀರ್ಮಾನವನ್ನು ಅದೇ ತಂಡ ಮುಂದೆ 42 ಬಿಂದುಗಳಿಂದ ತಾನೇ ತಿದ್ದಿಕೊಂಡಿತು. 1998ರಲ್ಲಿ ಆಡಮ್ ರೀಸ್ ಮುಂದಾಳತ್ವದ ಪ್ರಬಂಧದಲ್ಲಿ ಎರಡನೆಯ ತಂಡ 16 ದೂರದ ಮತ್ತು 34 ಸಮೀಪದ ಸೂಪರ್‌ನೋವಾಗಳನ್ನು ಹೋಲಿಸಿತು. ದ್ರವ್ಯ ಬಹಳ ಕಡಿಮೆಯಿರುವ ವಿಶ್ವದಲ್ಲಿ ಇರಬೇಕಾದದ್ದಕ್ಕಿಂತಲೂ ದೂರದವು ಶೇಕಡಾ 10ರಿಂದ 15ರಷ್ಟು ಹೆಚ್ಚು ದೂರದಲ್ಲಿದ್ದವು. ರೀಸ್ ಮೊದಲು ಲೆಕ್ಕ ಹಾಕಿದಾಗ ವಿಶ್ವದ ದ್ರವ್ಯರಾಶಿ ಋಣಸಂಖ್ಯೆಯಾಗಿ ಬಂತು. ಋಣ ದ್ರವ್ಯರಾಶಿಗೆ ಅರ್ಥವಿಲ್ಲ. ಸೆಳೆತಕ್ಕೆ ಬದಲು ತಳ್ಳುವ ಏನೋ ಒಂದು ಇದೆ ಎಂದು ಸಮೀಕರಣ ತನ್ನ ಭಾಷೆಯಲ್ಲಿ ಹೇಳುತ್ತಿತ್ತು. 2011ರ ಭೌತವಿಜ್ಞಾನ ನೊಬೆಲ್‌ನ ಅರ್ಧ ಪರ್ಲ್‌ಮಟರ್ ಅವರಿಗೂ ಉಳಿದರ್ಧ ಶ್ಮಿಟ್ ಮತ್ತು ರೀಸ್ ಅವರಿಗೂ ಸಂದಿತು.

ಒಂದು ಸೂಕ್ಷ್ಮವನ್ನು ಗಮನಿಸಿ. ವೇಗ ಹೆಚ್ಚುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಸೂಪರ್‌ನೋವಾದ ಪ್ರಕಾಶ ಎಷ್ಟು ವ್ಯಾಟ್ ಎಂದು ಗೊತ್ತಿರಬೇಕಿಲ್ಲ. ಸಮೀಪದವೂ ದೂರದವೂ ಒಂದೇ ಜಾತಿಯವು ಎಂದಿದ್ದರೆ ಸಾಕು. ಹೋಲಿಕೆಯಲ್ಲಿ ಆ ಅಂಕಿ ಎರಡೂ ಕಡೆಯಿಂದ ಹಾರಿಹೋಗುತ್ತದೆ. ಸಮೀಪದ 29 ಸೂಪರ್‌ನೋವಾಗಳಿಗೆ ನಾನು ಅಷ್ಟು ಮಹತ್ವ ಕೊಟ್ಟದ್ದು ಇದಕ್ಕೇ.

ಈಗ ಧೂಳಿನ ವಿಚಾರ. ಸಂಜೆಯ ಸೂರ್ಯ ಕೆಂಪಗೆ ಕಾಣುವುದೇಕೆ ಎಂದು ನಿಮ್ಮ ಮಕ್ಕಳು ಓದಿರುತ್ತಾರೆ. ಅಂತರಿಕ್ಷದ ಧೂಳಿನ ಕಣಗಳೂ ನೀಲಿ ಬೆಳಕನ್ನು ಹೆಚ್ಚಾಗಿ ತಡೆದು ಕೆಂಪನ್ನು ಹೆಚ್ಚಾಗಿ ಬಿಡುತ್ತವೆ. ಆದ್ದರಿಂದ ಒಂದೇ ಸೂಪರ್‌ನೋವಾವನ್ನು ಎರಡು ಮೂರು ಬಣ್ಣದ ಸೋಸುಕಗಳ ಮೂಲಕ ನೋಡಿದರೆ, ಧೂಳು ಎಷ್ಟು ನುಂಗಿದೆ ಎಂಬುದು ಅದರ ಕೆಂಪಿನಿಂದ ಗೊತ್ತಾಗುತ್ತದೆ. ಎರಡೂ ತಂಡಗಳು ಈ ತಪಾಸಣೆ ಮಾಡಿದ್ದವು. ದೂರದವು ಸಮೀಪದವಕ್ಕಿಂತ ವಿಶೇಷವಾಗಿ ಕೆಂಪಾಗಿರಲಿಲ್ಲ. ಆದರೆ ಹಟ ಹಿಡಿದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎಲ್ಲ ಬಣ್ಣಗಳನ್ನೂ ಸಮವಾಗಿ ನುಂಗುವ, ದಪ್ಪ ಕಣಗಳ ‘ಬೂದು ಧೂಳು’ ಗ್ಯಾಲಕ್ಸಿಗಳ ನಡುವೆ ಹರಡಿದ್ದರೆ? ಅದು ಬಣ್ಣ ಬದಲಿಸುವುದಿಲ್ಲ, ಮಂಕು ಮಾತ್ರ ಮಾಡುತ್ತದೆ. ಇನ್ನೊಂದು ಆಕ್ಷೇಪವೂ ಇತ್ತು: ಐನೂರು ಕೋಟಿ ವರ್ಷ ಹಿಂದಿನ ನಕ್ಷತ್ರಗಳ ರಾಸಾಯನಿಕ ಸ್ವರೂಪವೇ ಬೇರೆ, ಹಾಗಾಗಿ ಆಗಿನ ಸೂಪರ್‌ನೋವಾಗಳು ಸಹಜವಾಗಿಯೇ ಮಂಕಾಗಿದ್ದವು ಎಂದರೆ?

ಎರಡಕ್ಕೂ ಒಂದೇ ಪರೀಕ್ಷೆ ಇದೆ. ಧೂಳಾಗಲಿ ಕಾಲದ ಬದಲಾವಣೆಯಾಗಲಿ ಕಾರಣವಾಗಿದ್ದರೆ, ಇನ್ನೂ ದೂರ ಹೋದಷ್ಟೂ ಮಂಕುತನ ಹೆಚ್ಚುತ್ತಲೇ ಹೋಗಬೇಕು. ವೇಗವರ್ಧನೆಯೇ ನಿಜವಾಗಿದ್ದರೆ ಹಾಗಾಗಬಾರದು. ಏಕೆಂದರೆ ವಿಶ್ವ ಚಿಕ್ಕದಿದ್ದಾಗ ದ್ರವ್ಯ ಒತ್ತೊತ್ತಾಗಿತ್ತು, ಸೆಳೆತದ್ದೇ ಮೇಲುಗೈ. ಆಗ ಹಿಗ್ಗುವಿಕೆ ನಿಜಕ್ಕೂ ನಿಧಾನವಾಗುತ್ತಿರಬೇಕು. ದ್ರವ್ಯ ತೆಳುವಾದ ಮೇಲಷ್ಟೇ ತಳ್ಳುವ ಶಕ್ತಿಗೆ ಬಲ ಬರುತ್ತದೆ. ಅಂದರೆ ಬಹಳ ದೂರದ ಸೂಪರ್‌ನೋವಾ, ಧೂಳಿನ ವಾದ ಹೇಳುವುದಕ್ಕಿಂತ ಹೆಚ್ಚು ಬೆಳಗಿರಬೇಕು.

ಈ ಪರೀಕ್ಷೆಗೆ ಮೊದಲ ಸಾಕ್ಷಿ ಸಿಕ್ಕ ರೀತಿ ಕೇಳಿ. 1997ರ ಕೊನೆಯಲ್ಲಿ ಹಬಲ್ ಅಂತರಿಕ್ಷ ದೂರದರ್ಶಕ, ತಾನು ಎರಡು ವರ್ಷ ಹಿಂದೆ ದೀರ್ಘವಾಗಿ ನೋಡಿದ್ದ ಆಕಾಶದ ಪುಟ್ಟ ತುಂಡನ್ನು ಮತ್ತೆ ನೋಡಿತು. ರಾನ್ ಗಿಲಿಲ್ಯಾಂಡ್ ಮತ್ತು ಫಿಲಿಪ್ಸ್ ಆ ಚಿತ್ರದಲ್ಲಿ ಒಂದು ಹೊಸ ಚುಕ್ಕಿಯನ್ನು ಗುರುತಿಸಿದರು. ಅದಕ್ಕೆ 1997ಎಫ್‌ಎಫ್ ಎಂದು ಹೆಸರಾಯಿತು. ಬರೀ ಒಂದು ಚಿತ್ರದಿಂದ ದೂರ ಹೇಳಲಾಗದು. ಆದರೆ ಬೇರೆ ಯಾವುದೋ ಕೆಲಸಕ್ಕಾಗಿ ಹಬಲ್‌ನ ಅವಕೆಂಪು ಕ್ಯಾಮೆರಾ ಅದೇ ವಾರಗಳಲ್ಲಿ ಅದೇ ಜಾಗವನ್ನು ಹಲವು ಸಲ ನೋಡಿತ್ತು, ಮತ್ತು ಆ ಚುಕ್ಕಿ ಆಕಸ್ಮಿಕವಾಗಿ ಚೌಕಟ್ಟಿನೊಳಗೆ ಸೇರಿತ್ತು. ರೀಸ್ ಮತ್ತು ಸಂಗಡಿಗರು ಈ ಹಳೆಯ ಚಿತ್ರಗಳನ್ನು ಸಂಗ್ರಹದಿಂದ ಹೊರತೆಗೆದು ಜೋಡಿಸಿ, 2001ರಲ್ಲಿ ಫಲಿತಾಂಶ ಹೇಳಿದರು: ಕೆಂಪು ಪಲ್ಲಟ ಸುಮಾರು 1.7, ಬೆಳಕು ಹೊರಟು ಸುಮಾರು 1,000 ಕೋಟಿ ವರ್ಷ. ಅದು ಧೂಳಿನ ವಾದಕ್ಕೆ ಬೇಕಾದದ್ದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಬೆಳಗಿತ್ತು. 2004ರ ಹೊತ್ತಿಗೆ ಹಬಲ್‌ನಿಂದಲೇ ಹುಡುಕಿ ತೆಗೆದ ಇನ್ನಷ್ಟು ದೂರದ ಸೂಪರ್‌ನೋವಾಗಳು ಅದೇ ಮಾತನ್ನು ಗಟ್ಟಿಯಾಗಿ ಹೇಳಿದವು. ಮೊದಲು ನಿಧಾನ, ಆಮೇಲೆ ವೇಗ. ತಿರುವು ಸುಮಾರು 600 ಕೋಟಿ ವರ್ಷ ಹಿಂದೆ. ಬೂದು ಧೂಳಿನ ವಾದ ಅಲ್ಲಿಗೆ ನಿಂತಿತು.

ತರಗತಿಯಲ್ಲಿ ಯಾರಾದರೂ ಇನ್ನೂ ಮುಂದೆ ಹೋಗಿ ‘ಕೆಂಪು ಪಲ್ಲಟ ಹಿಗ್ಗುವಿಕೆಯಿಂದಲೇ ಬರುತ್ತದೆ ಎಂದು ಹೇಗೆ ನಂಬುವುದು? ದೂರ ನಡೆದ ಬೆಳಕು ದಣಿದು ಶಕ್ತಿ ಕಳೆದುಕೊಂಡಿರಬಹುದಲ್ಲ?’ ಎಂದು ಕೇಳಿದರೆ, ಅದಕ್ಕೂ ಸೂಪರ್‌ನೋವಾದ ಬಳಿ ಉತ್ತರವಿದೆ. ಅದು ದೀಪವೂ ಹೌದು, ಗಡಿಯಾರವೂ ಹೌದು. ಅವಕಾಶ ಹಿಗ್ಗುವುದು ನಿಜವಾದರೆ ಅಲೆಯ ಜೊತೆಗೆ ಕಾಲವೂ ಹಿಗ್ಗಿ ಕಾಣಬೇಕು: ಕೆಂಪು ಪಲ್ಲಟ 0.5 ಇರುವಲ್ಲಿ 20 ದಿನಗಳಲ್ಲಿ ಮುಗಿಯುವ ಏರಿಳಿತ ನಮಗೆ 30 ದಿನಗಳಾಗಿ ಕಾಣಬೇಕು. ಹಾಗೆಯೇ ಕಾಣುತ್ತದೆ. ಡಾರ್ಕ್ ಎನರ್ಜಿ ಸಮೀಕ್ಷೆಯ 1,504 ಸೂಪರ್‌ನೋವಾಗಳಲ್ಲಿ ಇದನ್ನು 2024ರಲ್ಲಿ ಪರೀಕ್ಷಿಸಿದಾಗ ಸುಮಾರು ಒಂದು ಪ್ರತಿಶತ ನಿಖರತೆಯಲ್ಲಿ ಹೊಂದಿತು. ದಣಿದ ಬೆಳಕಿನ ವಾದಕ್ಕೆ ಇದರ ಮುಂದೆ ಹೇಳಲು ಏನೂ ಉಳಿಯುವುದಿಲ್ಲ.

ತಳ್ಳುತ್ತಿರುವುದು ಏನು ಎಂದು ಕೇಳಿದರೆ ಹೆಸರು ಹೇಳಬಹುದು: ಡಾರ್ಕ್ ಎನರ್ಜಿ, ಕನ್ನಡದಲ್ಲಿ ಕಪ್ಪು ಶಕ್ತಿ. ಐನ್‌ಸ್ಟೈನ್ 1917ರಲ್ಲಿ ತಮ್ಮ ಸಮೀಕರಣಕ್ಕೆ ಸೇರಿಸಿ ಮುಂದೆ ಕೈಬಿಟ್ಟ ‘ವಿಶ್ವ ಸ್ಥಿರಾಂಕ’ ಅದನ್ನು ಇಂದಿಗೂ ಚೆನ್ನಾಗಿ ವರ್ಣಿಸುತ್ತದೆ. ಪ್ಲಾಂಕ್ ಉಪಗ್ರಹದ ಅಳತೆಯಂತೆ ವಿಶ್ವದ ಒಟ್ಟು ಶಕ್ತಿಯಲ್ಲಿ ಅದರ ಪಾಲು ಶೇಕಡಾ 68ರಷ್ಟು. ಈ ಅಳತೆ ಸೂಪರ್‌ನೋವಾಗಳನ್ನು ಅವಲಂಬಿಸಿಲ್ಲ, ಎಳೆಯ ವಿಶ್ವದ ಉಳಿಕೆ ಬೆಳಕಿನಿಂದ ಬಂದದ್ದು. ಎರಡು ಬೇರೆ ದಾರಿಗಳು ಒಂದೇ ಊರಿಗೆ ಸೇರಿದ್ದರಿಂದಲೇ ನನ್ನಂಥವರಿಗೆ ನಂಬಿಕೆ ಬಂದದ್ದು. ಆದರೆ ಹೆಸರಿಟ್ಟ ಮಾತ್ರಕ್ಕೆ ಅರ್ಥವಾಯಿತೆಂದು ಮಕ್ಕಳಿಗೆ ಅನಿಸದಂತೆ ನೋಡಿಕೊಳ್ಳಿ. ಶೂನ್ಯಕ್ಕೂ ಶಕ್ತಿ ಇದೆ ಎಂಬ ಕ್ವಾಂಟಂ ಸಿದ್ಧಾಂತದಿಂದ ಅದನ್ನು ನೇರವಾಗಿ ಲೆಕ್ಕ ಹಾಕಲು ಹೋದರೆ, 1ರ ಮುಂದೆ ಸುಮಾರು 120 ಸೊನ್ನೆ ಹಾಕುವಷ್ಟು ತಪ್ಪು ಉತ್ತರ ಬರುತ್ತದೆ.

ಕೆಲಸ ಮುಗಿದಿಲ್ಲ. ವಿಶ್ವ ಈಗ ಎಷ್ಟು ವೇಗದಲ್ಲಿ ಹಿಗ್ಗುತ್ತಿದೆ ಎಂಬ ಅಂಕಿಗೆ ಸೂಪರ್‌ನೋವಾದ ನಿಜವಾದ ಪ್ರಕಾಶ ಬೇಕೇ ಬೇಕು. ಇಲ್ಲಿ ಅದು ಹಾರಿಹೋಗುವುದಿಲ್ಲ. ಸಿಫೀಡ್ ನಕ್ಷತ್ರಗಳಿಂದ (ಮಿಡಿತದ ಅವಧಿಯಿಂದ ನಿಜವಾದ ಪ್ರಕಾಶ ತಿಳಿಯುವ ನಕ್ಷತ್ರಗಳು) ಆ ಪ್ರಕಾಶ ನಿರ್ಧರಿಸಿ ರೀಸ್ ತಂಡ ಪಡೆದದ್ದು, ಮೆಗಾಪಾರ್ಸೆಕ್ಕಿಗೆ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷಕ್ಕೆ) ಸೆಕೆಂಡಿಗೆ ಸುಮಾರು 73 ಕಿಲೋಮೀಟರ್. ಪ್ಲಾಂಕ್ ಲೆಕ್ಕದಿಂದ ಬರುವುದು 67.4. ಬೇರೆ ಬಗೆಯ ನಕ್ಷತ್ರಗಳನ್ನು ಬಳಸಿದ ವೆಂಡಿ ಫ್ರೀಡ್‌ಮನ್ ತಂಡದ ಅಂಕಿ 70ರ ಆಸುಪಾಸಿನದು. ಇದು ಅಳತೆಯ ದೋಷವೋ ಹೊಸ ಭೌತವಿಜ್ಞಾನವೋ ಎಂಬ ಜಗಳ ಹತ್ತು ವರ್ಷದಿಂದ ನಡೆಯುತ್ತಿದೆ. ಇನ್ನೊಂದು ಕಡೆ, ಕಪ್ಪು ಶಕ್ತಿ ಸ್ಥಿರವಾಗಿರದೆ ಕಾಲಕ್ಕೆ ತಕ್ಕಂತೆ ಬದಲಾಗುತ್ತಿರಬಹುದು ಎಂಬ ಸುಳಿವನ್ನು ಡೆಸಿ ಎಂಬ ಗ್ಯಾಲಕ್ಸಿ ಸಮೀಕ್ಷೆ 2024 ಮತ್ತು 2025ರಲ್ಲಿ ಕೊಟ್ಟಿತು. ಯಾವ ಸೂಪರ್‌ನೋವಾ ಪಟ್ಟಿಯನ್ನು ಅದರೊಡನೆ ಸೇರಿಸುತ್ತೀರಿ ಎಂಬುದರ ಮೇಲೆ ಆ ಸುಳಿವಿನ ಬಲ 2025ರ ಲೆಕ್ಕದಲ್ಲಿ 2.8ರಿಂದ 4.2 ಸಿಗ್ಮಾವರೆಗೆ ಏರಿಳಿಯಿತು (ಸಿಗ್ಮಾ ಹೆಚ್ಚಿದಷ್ಟೂ ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ). ಪಟ್ಟಿ ಬದಲಾದರೆ ಬಲ ಬದಲಾಗುವ ಸುಳಿವನ್ನು ನಾನು ಸದ್ಯಕ್ಕೆ ಎಚ್ಚರದಿಂದಲೇ ನೋಡುತ್ತೇನೆ. ಸಮೀಪದ ಸೂಪರ್‌ನೋವಾಗಳ ಅಳತೆ ಇನ್ನಷ್ಟು ಬಿಗಿಯಾಗುವವರೆಗೆ ಕಾಯುವುದು ಲೇಸು.

ಸಮೀಪದವುಗಳ ಮಾತು ಬಂದಾಗ ನಮ್ಮೂರಿನ ವಿಷಯವೂ ಬರುತ್ತದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವ ಕೋಣೆ ಇರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಭಾರತೀಯ ಖಭೌತವಿಜ್ಞಾನ ಸಂಸ್ಥೆಯವರು ಅಲ್ಲಿಂದ ಉಪಗ್ರಹ ಸಂಪರ್ಕದ ಮೂಲಕ ಅದನ್ನು ತಿರುಗಿಸುತ್ತಾರೆ. ಮೇಲೆ ಹೇಳಿದ 2014ಜೆಯನ್ನೂ ಹಾನ್ಲೆಯಿಂದ ಹಿಂಬಾಲಿಸಿ ಅಳೆದಿದ್ದಾರೆ. 2 ಮೀಟರ್ ಕನ್ನಡಿಯಿಂದ ಸಾವಿರ ಕೋಟಿ ವರ್ಷ ಹಿಂದಿನದನ್ನು ಹುಡುಕಲಾಗದು, ಆದರೆ ಹತ್ತಿರದ ಒಂದು ಸೂಪರ್‌ನೋವಾವನ್ನು ತಿಂಗಳುಗಟ್ಟಲೆ ಬಿಡದೆ ನೋಡಿ ಅದರ ಒಳಗುಟ್ಟು ತಿಳಿಯಬಹುದು. ದೂರದವುಗಳ ಮೇಲಿನ ನಂಬಿಕೆ ಇಂಥ ತಾಳ್ಮೆಯ ಕೆಲಸದ ಮೇಲೆಯೇ ನಿಂತಿದೆ.

ಇನ್ನು, ಮಕ್ಕಳಿಗೆ ಇದನ್ನು ಕೈಯಾರೆ ತೋರಿಸಬಹುದು. ‘ಪ್ಯಾಂಥಿಯನ್ ಪ್ಲಸ್’ ಎಂಬ ಪಟ್ಟಿಯಲ್ಲಿ 1,550 ಸೂಪರ್‌ನೋವಾಗಳ ಕೆಂಪು ಪಲ್ಲಟ ಮತ್ತು ತಿದ್ದಿದ ಕಾಂತಿಮಾನಗಳು (ಹೊಳಪಿನ ಅಳತೆ; ಅಂಕಿ ಹೆಚ್ಚಿದಷ್ಟೂ ಮಂಕು) ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಅದರಿಂದ ಒಂದು ಐವತ್ತನ್ನು, 0.01ರಿಂದ 1ರವರೆಗೆ ಹರಡಿರುವಂತೆ, ಆರಿಸಿಕೊಳ್ಳಿ. ಗ್ರಾಫ್ ಹಾಳೆಯ ಅಡ್ಡಕ್ಕೆ ಕೆಂಪು ಪಲ್ಲಟದ ಲಾಗರಿದಮ್, ಉದ್ದಕ್ಕೆ ಒಂದು ಕಾಂತಿಮಾನಕ್ಕೆ ಒಂದು ಸೆಂಟಿಮೀಟರಿನಂತೆ ಕಾಂತಿಮಾನ ಗುರುತಿಸಿದರೆ ಎಲ್ಲ ಬಿಂದುಗಳೂ ಸುಮಾರು 11 ಸೆಂಟಿಮೀಟರ್ ಎತ್ತರದಲ್ಲಿ ಹಿಡಿಯುತ್ತವೆ. ದ್ರವ್ಯ ಮಾತ್ರವಿರುವ ವಿಶ್ವದ ಗೆರೆಯನ್ನೂ ಕಪ್ಪು ಶಕ್ತಿಯಿರುವ ವಿಶ್ವದ ಗೆರೆಯನ್ನೂ ಅದೇ ಹಾಳೆಯ ಮೇಲೆ ಎಳೆಯಿಸಿ. ಎಡತುದಿಯಲ್ಲಿ ಎರಡೂ ಒಂದರ ಮೇಲೊಂದು ಕೂರುತ್ತವೆ. ಕೆಂಪು ಪಲ್ಲಟ 0.5ರ ಹತ್ತಿರ ಅವುಗಳ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ಅಳೆಯಲು ಹೇಳಿ: 4 ಮಿಲಿಮೀಟರ್. ಒಂದೊಂದು ಸೂಪರ್‌ನೋವಾದ ಚದುರು ಒಂದೂವರೆ ಮಿಲಿಮೀಟರ್. ಬಿಂದುಗಳು ಯಾವ ಗೆರೆಯನ್ನು ಹಿಡಿದು ಸಾಗುತ್ತವೆ ಎಂಬುದನ್ನು ಮಕ್ಕಳೇ ನೋಡಿ ಹೇಳಲಿ.